ಬನದ ಹುಣ್ಣಿಮೆಗೆ ಸರಾಸರಿ ಸಾಲದು: ಕೇಂದ್ರ ಸಂವಹನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಬನದ ಹುಣ್ಣಿಮೆಯ ಜಾತ್ರೆಯ ದಿನ ಸವದತ್ತಿ ಯಲ್ಲಮ್ಮನಗುಡ್ಡಕ್ಕೆ ಬಂದು ಭಂಡಾರ, ಕಾಯಿ ಮಾರುವ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿ. ಗಿರಾಕಿ ಸ್ಕ್ಯಾನ್ ಮಾಡುತ್ತಾರೆ, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಅಂಗಡಿಯಾಕೆಯ ಸ್ಪೀಕರ್ ಡಬ್ಬಿ ತುಟಿಪಿಟಕ್ಕೆನ್ನುವುದಿಲ್ಲ. ದುಡ್ಡು ಹೋಯಿತೋ ಇಲ್ಲವೋ ಇಬ್ಬರಿಗೂ ಗೊತ್ತಿಲ್ಲ. ಹಿಂದಿನವರ ನೂಕಾಟಕ್ಕೆ ಆಕೆಯೇ ಸೋತು, "ಇರ್ಲಿ ತಗೋರಿ, ಹೊಳ್ಳಿ ಬರೂಮುಂದ ಕೊಡ್ರಿ" ಅನ್ನುತ್ತಾಳೆ. ಫೋನಿನಲ್ಲಿ ಟವರ್ ಮಾತ್ರ ಫುಲ್!

ಟವರ್ ಫುಲ್ ಎಂದರೆ ಸಿಗ್ನಲ್ ಗಟ್ಟಿಯಾಗಿ ಬರುತ್ತಿದೆ ಎಂದಷ್ಟೇ. ಅದೇ ಟವರಿಗೆ ಎಷ್ಟು ಸಾವಿರ ಜನ ಜೋತುಬಿದ್ದಿದ್ದಾರೆ, ಅಲ್ಲಿಂದ ಮುಂದಕ್ಕೆ ಹೋಗುವ ಲಿಂಕ್ ಎಷ್ಟು ಕಿರಿದು ಎಂಬುದನ್ನು ಅದು ಹೇಳುವುದಿಲ್ಲ.

ಎಷ್ಟು ಕರೆ ಬಂದರೆ ಎಷ್ಟು ಲೈನ್ ಬೇಕು ಎಂಬ ಲೆಕ್ಕ ಹೊಸದಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ 1917ರಲ್ಲೇ ಅದಕ್ಕೊಂದು ಸೂತ್ರ ಕೊಟ್ಟರು. ಕರೆ ಮಾಡುವವರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಮಾಡುತ್ತಾರೆ ಎಂಬುದು ಅದರ ಬುನಾದಿ. ಜಾತ್ರೆಯಲ್ಲಿ ಹಾಗಲ್ಲ. ಎಣ್ಣೆಹೊಂಡದ ಹತ್ತಿರ ಒಂದು ಕೂಸು ತಪ್ಪಿಸಿಕೊಂಡರೆ ಮನೆಮಂದಿಯೆಲ್ಲ ಒಮ್ಮೆಲೇ ಫೋನ್ ಹಚ್ಚುತ್ತಾರೆ. ಹತ್ತದಿದ್ದರೆ ಮತ್ತೆ ಹಚ್ಚುತ್ತಾರೆ. ಸೋತ ಕರೆಯೇ ಹೊಸ ಭಾರವಾಗುತ್ತದೆ. ಉಳಿದ ದಿನ ಜನ ವಿಡಿಯೊ ಇಳಿಸಿಕೊಳ್ಳುತ್ತಾರೆ. ಅವತ್ತು ಎಲ್ಲರೂ ಏರಿಸುವವರೇ.

ಹುಣ್ಣಿಮೆ ಯಾವತ್ತೆಂದು ಪಂಚಾಂಗ ಹೇಳುತ್ತದೆ, ಎಷ್ಟು ಜನ ಬರುತ್ತಾರೆಂದು ಹೇಳುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಗುಡ್ಡಕ್ಕೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಏರಿದೆ. ಬಸ್ ಟಿಕೆಟ್ಟಿನ ತೀರ್ಮಾನವೊಂದು ಮೊಬೈಲ್ ಟ್ರಾಫಿಕ್ಕನ್ನು, ಅಂದರೆ ಕರೆ-ಡೇಟಾಗಳ ಓಡಾಟವನ್ನು, ಬದಲಿಸುತ್ತದೆಂದು ಯಾವ ಕಂಪನಿಯ ಕಡತದಲ್ಲಿ ಬರೆದಿದ್ದೀತು?

ಇಂಥ ಅನಿಶ್ಚಿತತೆಗೆ ದಾರಿಯಿದೆ. ಯಾರು ಯಾರಿಗೆ ಎಷ್ಟು ಕಳಿಸುತ್ತಾರೆ ಎಂದು ಊಹಿಸುವುದನ್ನು ಬಿಟ್ಟು, ಒಂದು ಜಾಗದಿಂದ ಗರಿಷ್ಠ ಎಷ್ಟು ಹೊರಹೋಗಬಹುದು, ಎಷ್ಟು ಒಳಬರಬಹುದು ಎಂಬ ಮಿತಿಯನ್ನಷ್ಟೇ ಹಾಕಿಕೊಳ್ಳುವುದು. ಆ ಮಿತಿಯೊಳಗೆ ಟ್ರಾಫಿಕ್ ಹೇಗೆ ಹರಿದರೂ ತಾಳುವಂತೆ ಜಾಲ ಕಟ್ಟುವುದು. ಖರ್ಚು ಸ್ವಲ್ಪ ಹೆಚ್ಚು, ನಿಜ. ಗುಡ್ಡದ ಮಟ್ಟಿಗೆ ಹೇಳುವುದಾದರೆ, ಧಾರವಾಡದ ಕಡೆ ಒಂದು, ಬೆಳಗಾವಿಯ ಕಡೆ ಇನ್ನೊಂದು ಫೈಬರ್ ದಾರಿ ಇದ್ದು ಭಾರ ಎರಡರ ಮೇಲೂ ಹಂಚಿಹೋಗಬೇಕು. 2025ರ ಪ್ರಯಾಗರಾಜ್ ಕುಂಭಮೇಳಕ್ಕೆ ತಂದಂತೆ ಗಾಲಿ ಮೇಲಿನ ಟವರುಗಳನ್ನು ಇಲ್ಲಿಗೂ ತರಬಹುದು. ಆದರೆ ಟವರಿನಿಂದ ಮುಂದಕ್ಕೆ ಹೋಗುವ ಲಿಂಕ್ ಹಿಗ್ಗಿಸದೆ ಟವರ್ ತಂದು ನಿಲ್ಲಿಸುವುದೆಂದರೆ, ಬರುವ ಪೈಪು ಮುಕ್ಕಾಲು ಇಂಚಿನದೇ ಇದ್ದು ಅಂಗಳದಲ್ಲಿ ನಾಲ್ಕು ನಳ ಹೆಚ್ಚಿಗೆ ಕೂರಿಸಿದಂತೆ.

ಕಂಪನಿಗಳು ಇದನ್ನು ತಾವಾಗಿಯೇ ಯಾಕೆ ಮಾಡುವುದಿಲ್ಲ? ನಾವು ಅಳೆಯುವ ರೀತಿ ಹಾಗಿದೆ. 2017ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಂದ ಕಾಲ್ ಡ್ರಾಪ್ ಮಾನದಂಡವನ್ನೇ ನೋಡಿ: ನೂರಕ್ಕೆ 90 ದಿನ, ನೂರಕ್ಕೆ 90 ಸೆಲ್‌ಗಳಲ್ಲಿ (ಸೆಲ್ ಎಂದರೆ ಟವರಿನ ಒಂದು ಆಂಟೆನಾ ಆವರಿಸುವ ಜಾಗ) ಡ್ರಾಪ್ ಶೇ 2 ಮೀರದಿದ್ದರೆ ಆ ಅಳತೆಯಲ್ಲಿ ಪಾಸಾಗುತ್ತಿತ್ತು. ಅಂದರೆ ಮೂರು ತಿಂಗಳಲ್ಲಿ ಒಂಬತ್ತು ದಿನ ಲೆಕ್ಕದಿಂದ ಹೊರಗಿದ್ದವು. ನಮ್ಮ ಜಾತ್ರೆಯ ಗದ್ದಲವೆಲ್ಲ ಆ ಒಂಬತ್ತು ದಿನದಲ್ಲೇ ಮುಗಿದುಹೋಗುತ್ತಿತ್ತು. 2024ರ ಹೊಸ ನಿಯಮದಿಂದ ತಿಂಗಳಿಗೊಮ್ಮೆ ಅಳತೆ ಬಂದಿದೆ, ಸಂತೋಷ. ಆದರೂ ತಿಂಗಳ ಲೆಕ್ಕದಲ್ಲಿ ಹುಣ್ಣಿಮೆಯ ಒಂದು ಮಧ್ಯಾಹ್ನ ಎಲ್ಲಿ ಕಾಣಬೇಕು?

ಟ್ರಾಯ್ ಸ್ವತಂತ್ರ ಸಂಸ್ಥೆ ಎಂದು ನಿಮ್ಮ ಕಚೇರಿ ಉತ್ತರಿಸಬಹುದು. ಒಪ್ಪಿದೆ. ಲೈಸೆನ್ಸ್ ಷರತ್ತುಗಳು ಮಾತ್ರ ನಿಮ್ಮ ಇಲಾಖೆಯವೇ. ದಿನಾಂಕ ಮೊದಲೇ ಗೊತ್ತಿರುವ ದೊಡ್ಡ ಜಾತ್ರೆಗಳ ಪಟ್ಟಿಯನ್ನು ಜಿಲ್ಲಾಡಳಿತದಿಂದ ತರಿಸಿಕೊಳ್ಳಿ. ಆ ದಿನಗಳಲ್ಲಿ ಅಲ್ಲಿನ ಪ್ರತಿ ಸೆಲ್‌ನಲ್ಲಿ ಗಂಟೆಗೆ ನೂರಕ್ಕೆ ಎಷ್ಟು ಕರೆ, ಎಷ್ಟು ಡೇಟಾ ಕೋರಿಕೆ ಸೋತವು ಎಂಬುದನ್ನು ಕಂಪನಿವಾರು ಪ್ರಕಟಿಸುವಂತೆ ಷರತ್ತು ಹಾಕಿ. ಮುಂದಿನ ಬನದ ಹುಣ್ಣಿಮೆಯ ಅಂಕಿಗಳಿಂದಲೇ ಇದು ಶುರುವಾಗಲಿ.

ಇತಿ,
ಸವದತ್ತಿ ತಾಲ್ಲೂಕಿನ ಒಬ್ಬ ಮೊಬೈಲ್ ಗ್ರಾಹಕ