ಅಜ್ಜಿಯ ಬೆಂಚಿನ ಮೇಲೆ ಎರಡು ವಾರದ ಅತಿಥಿ ಕೂರಬಾರದು

ಸಂಪಾದಕರಿಗೆ,

ಮಾನ್ಯರೇ,

ಮನಃಶಾಸ್ತ್ರ, ಸಮಾಜಕಾರ್ಯ ಓದಿ ಪರೀಕ್ಷೆ ಮುಗಿಸಿದ ನಮ್ಮ ಮಕ್ಕಳ ಮೊಬೈಲಿಗೆ ಒಂದು ಬಗೆಯ ಜಾಹೀರಾತು ಬರುತ್ತಿರುತ್ತದೆ: ಹೊರದೇಶದಲ್ಲಿ ಎರಡು ವಾರ ಮಾನಸಿಕ ಆರೋಗ್ಯ ಸಂಸ್ಥೆಯೊಂದರ ಸ್ವಯಂಸೇವಕರಾಗಿ, ಪ್ರಮಾಣಪತ್ರ ಪಡೆಯಿರಿ. ಶುಲ್ಕವೂ ವಿಮಾನದ ಖರ್ಚೂ ವಿದ್ಯಾರ್ಥಿಯದೇ. ಹೋಗಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಆದರೆ ನೊಂದವರ ಎದುರು ಕೂತು ಆಪ್ತಸಲಹೆ ಕೊಡುವ ಆಸೆಯನ್ನು ಇಲ್ಲೇ ಬಿಟ್ಟು, ಆ ಸಲಹೆ ನಡೆಯಲು ಹಿಂದಿನಿಂದ ಆಗಬೇಕಾದ ಕೆಲಸಕ್ಕೆ ತಯಾರಾಗಿ ಹೋಗಿ ಎನ್ನುತ್ತೇವೆ. ಯಾಕೆ ಎನ್ನುವುದು, ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂತು ಅಜ್ಜಿಯರೇ ಆಪ್ತಸಲಹೆ ಕೊಡುವ ಜಿಂಬಾಬ್ವೆಯ ‘ಫ್ರೆಂಡ್‌ಶಿಪ್ ಬೆಂಚ್’ ನೋಡಿದರೆ ತಿಳಿಯುತ್ತದೆ.

2005ರಲ್ಲಿ ಅಲ್ಲಿನ ಸರ್ಕಾರ ‘ಮುರಂಬತ್ಸ್ವಿನಾ’ ಎಂಬ ಕಾರ್ಯಾಚರಣೆಯಲ್ಲಿ ಬಡವರ ಮನೆ, ಗೂಡಂಗಡಿಗಳನ್ನು ಕೆಡವಿ ಹಾಕಿತು. ಲಕ್ಷಾಂತರ ಜನ ಬೀದಿಗೆ ಬಿದ್ದರು. ಇಡೀ ದೇಶದಲ್ಲಿ ಮನೋವೈದ್ಯರಿದ್ದದ್ದು ಬೆರಳೆಣಿಕೆಯಷ್ಟು. ಮರುವರ್ಷ ರಾಜಧಾನಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರಿಗೆ ಸಿಕ್ಕಿದ್ದು 14 ಮಂದಿ ಅಜ್ಜಿಯರು, ಎಲ್ಲರೂ ನಗರದ ಆರೋಗ್ಯ ಇಲಾಖೆಯ ಸಮುದಾಯ ಕಾರ್ಯಕರ್ತೆಯರು. ಕ್ಲಿನಿಕ್ಕಿನೊಳಗೆ ಜಾಗ ಇಲ್ಲದ್ದರಿಂದ ಹೊರಗೆ ಮರದ ಬೆಂಚು ಹಾಕಿದರು. ಮೊದಲು ಅದಕ್ಕೆ ‘ಮಾನಸಿಕ ಆರೋಗ್ಯದ ಬೆಂಚು’ ಎಂದು ಹೆಸರಿಟ್ಟಾಗ ಜನ ಹತ್ತಿರ ಬರಲಿಲ್ಲ. ಈ ಹೆಸರು ನಡೆಯುವುದಿಲ್ಲ ಎಂದು ತಿದ್ದಿದವರು ಅಜ್ಜಿಯರೇ. ಶೋನಾ ಭಾಷೆಯಲ್ಲಿ ಅದು ‘ಚಿಗಾರೊ ಚೆಕುಪನಮಜಾನೊ’ ಆಯಿತು. ಕೂತು ವಿಚಾರ ವಿನಿಮಯ ಮಾಡಿಕೊಳ್ಳುವ ಬೆಂಚು ಎಂದು ಅರ್ಥ.

ಬಂದವರಿಗೆ ಮೊದಲು 14 ಪ್ರಶ್ನೆಗಳ ಶೋನಾ ಪ್ರಶ್ನಾವಳಿ. ಕಳೆದೊಂದು ವಾರದಲ್ಲಿ ಹೀಗಾಯಿತೇ ಎಂದು ಕೇಳುತ್ತಾರೆ, ಹೌದು-ಇಲ್ಲ ಎಂದರೆ ಸಾಕು, ಒಂದೊಂದು ‘ಹೌದು’ಗೆ ಒಂದು ಅಂಕ. 1990ರ ದಶಕದಲ್ಲಿ ಹರಾರೆಯಲ್ಲಿದ್ದ ನಮ್ಮ ದೇಶದ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತವರ ಸಂಗಡಿಗರು, ಜನ ತಮ್ಮ ಸಂಕಟವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೋ ಆ ಮಾತನ್ನೇ ಹಿಡಿದು ಇದನ್ನು ಕಟ್ಟಿದರು. ಅದರಲ್ಲಿ ಮುಖ್ಯವಾದ ಪದ ‘ಕುಫುಂಗಿಸಿಸಾ’, ಅಂದರೆ ಅತಿಯಾಗಿ ಯೋಚಿಸುವುದು. ನಮ್ಮ ಹಳ್ಳಿಯ ಹೆಂಗಸರೂ ‘ಖಿನ್ನತೆ’ ಎನ್ನುವುದಿಲ್ಲ. ಯೋಚನೆ ಜಾಸ್ತಿ, ಎದೆ ಭಾರ, ತಲೆ ದಿಂ ಅನ್ನುತ್ತದೆ, ಊಟ ಸೇರುವುದಿಲ್ಲ ಎನ್ನುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳಲು ಕನ್ನಡ ಬಲ್ಲವರಿಗೂ ವರ್ಷ ಹಿಡಿಯುತ್ತದೆ.

ಪ್ರಶ್ನಾವಳಿಯ ನಂತರ ಆರು ಭೇಟಿಗಳು. ಕಷ್ಟಗಳನ್ನೆಲ್ಲ ಹೇಳಿಕೊಳ್ಳುವುದು ‘ಕುವ್ಹುರ ಪ್ಫುಂಗ್ವ’, ಮನಸ್ಸು ತೆರೆಯುವುದು. ಆಮೇಲೆ ಮೇಲೆತ್ತುವುದು, ಗಟ್ಟಿಗೊಳಿಸುವುದು. ಕಷ್ಟಗಳ ಪಟ್ಟಿಯಿಂದ ಒಂದನ್ನು ಬಂದವರೇ ಆರಿಸಬೇಕು. ಗಂಡನಿಗೆ ಕಾಯಿಲೆ, ಬಾಡಿಗೆ ಬಾಕಿ, ಮಗಳ ಶಾಲೆಯ ಶುಲ್ಕ ಎಂದು ಮೂರು ಕಷ್ಟ ಇದ್ದು, ಆಕೆ ಶುಲ್ಕ ಎಂದರೆ ಶುಲ್ಕವೇ. ಗುರುವಾರದೊಳಗೆ ಮುಖ್ಯೋಪಾಧ್ಯಾಯರನ್ನು ಕಂಡು ಕಂತು ಕೇಳುವುದು ಎಂಬಷ್ಟು ಸಣ್ಣ, ದಿನ ಗೊತ್ತಿರುವ ಹೆಜ್ಜೆ ಇಡಿಸಿ, ಮುಂದಿನ ಭೇಟಿಯಲ್ಲಿ ಏನಾಯಿತು ಎಂದು ವಿಚಾರಿಸುತ್ತಾರೆ. ಭೇಟಿಗಳು ಮುಗಿದ ಮೇಲೆ ‘ಕುಬಾತನ ತೋಸೆ’ ಎಂಬ ಗುಂಪು ಇದೆ, ಕೈ ಕೈ ಹಿಡಿಯುವುದು ಎಂದು. ಅಲ್ಲಿ ಹಳೆಯ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುತ್ತಾ ಮಾತು ಮುಂದುವರಿಯುತ್ತದೆ, ಮಾರಿದರೆ ನಾಲ್ಕು ಕಾಸೂ ಸಿಗುತ್ತದೆ.

ಇದರಿಂದ ಫಲ ಸಿಕ್ಕಿದೆಯೇ? 24 ಕ್ಲಿನಿಕ್‌ಗಳ 573 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣ ಉಳಿದದ್ದು ಶೇ 13.7ರಷ್ಟು ಜನರಲ್ಲಿ, ಕ್ಲಿನಿಕ್ಕಿನ ಎಂದಿನ ಆರೈಕೆಯ ಜೊತೆ ತುಸು ಹೆಚ್ಚಿನ ಮಾಹಿತಿ, ಬೆಂಬಲ ಪಡೆದವರಲ್ಲಿ ಶೇ 49.9.

ಈಗ ಎರಡು ವಾರದ ಲೆಕ್ಕ ಹಾಕಿ. ವಾರಕ್ಕೊಂದರಂತೆ ಆರು ಭೇಟಿ ಎಂದರೆ ಆರು ವಾರ. ಎರಡನೇ ಭೇಟಿಗೆ ಸ್ವಯಂಸೇವಕರು ವಿಮಾನ ಹತ್ತುತ್ತಾರೆ. ಮನಸ್ಸು ತೆರೆದವರ ಪಾಡು? ಇನ್ನೊಬ್ಬರ ಮುಂದೆ ಮೊದಲಿನಿಂದ ಹೇಳಬೇಕು, ಎಷ್ಟೋ ಜನ ಮತ್ತೆ ಬರುವುದೇ ಇಲ್ಲ. ಭಾಷೆ ಬಾರದಿದ್ದರೆ ನಡುವೆ ದುಭಾಷಿ ಬೇಕು. ದುಭಾಷಿ ಅದೇ ಬೀದಿಯವರಾಗಿದ್ದರೆ ಗಂಡನ ಹೊಡೆತದ ಮಾತು, ಎಚ್‌ಐವಿಯ ಮಾತು ಹೊರಗೇ ಬರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಉಪದೇಶ. ಪುಸ್ತಕ ಓದಿ ಹೋದವರಿಗೆ ಪರಿಹಾರ ಬಾಯಿಗೆ ಬೇಗ ಬರುತ್ತದೆ. ಅಲ್ಲಿನ ಬಾಡಿಗೆ, ಬಸ್ ಚಾರ್ಜು, ಅತ್ತೆಮನೆಯ ಕಟ್ಟುಪಾಡು ಗೊತ್ತಿಲ್ಲದವರ ಪರಿಹಾರ ಮೊದಲ ವಾರವೇ ಸೋಲುತ್ತದೆ, ಸೋತೆ ಎಂಬ ಭಾರ ಆಕೆಯ ತಲೆಗೇ ಬೀಳುತ್ತದೆ.

ಸಾಯಬೇಕೆನಿಸುತ್ತದೆ ಎಂದು ಯಾರಾದರೂ ಹೇಳಿದರೆ ಅವರನ್ನು ಒಬ್ಬರನ್ನೇ ಬಿಡದೆ, ಆ ಗಳಿಗೆಯಲ್ಲೇ ಸ್ಥಳೀಯ ಮೇಲ್ವಿಚಾರಕರಿಗೆ ಒಪ್ಪಿಸಬೇಕು. ಯಾರಿಗೆ, ಯಾವ ನಂಬರಿಗೆ ಎನ್ನುವುದು ಮೊದಲ ದಿನವೇ ಬರೆದು ಕೈಯಲ್ಲಿರಬೇಕು. ಔಷಧಿ ಕಟ್ಟಿಕೊಂಡು ಹೋಗಲೇಬೇಡಿ. ಒಂದು ತಿಂಗಳ ಮಾತ್ರೆ ಹಂಚಿ ಬಂದರೆ ಮುಂದಿನ ತಿಂಗಳು ಅದು ನಿಂತು ಕಾಯಿಲೆ ಮರುಕಳಿಸುತ್ತದೆ. ಮನೋರೋಗದ ಔಷಧಿಗಳಲ್ಲಿ ಲಿಥಿಯಂಗೆ ರಕ್ತಪರೀಕ್ಷೆ ಬೇಕು, ವಾಲ್‌ಪ್ರೋಯೇಟ್ ಗರ್ಭಿಣಿಯ ಮಗುವಿಗೆ ಅಪಾಯ. ಫೋಟೊವನ್ನೂ ತೆಗೆಯಬೇಡಿ, ಸಹಾಯ ಕೇಳಿ ಬಂದವರು ‘ಬೇಡ’ ಎನ್ನಲು ಹಿಂಜರಿಯುತ್ತಾರೆ.

ಹಾಗಾದರೆ ಮಾಡುವುದೇನು? ಬೇಕಾದಷ್ಟಿದೆ. ತುಂಬಿದ ಪ್ರಶ್ನಾವಳಿಗಳನ್ನು ಕಂಪ್ಯೂಟರಿಗೆ ಏರಿಸಬೇಕು, ಇಬ್ಬರು ಬೇರೆ ಬೇರೆ ಏರಿಸಿ ತಾಳೆ ನೋಡಬೇಕು. 14ರಲ್ಲಿ ಒಂದು ಉತ್ತರ ಬಿಟ್ಟುಹೋದರೂ ಮೊತ್ತ ಕೆಡುತ್ತದೆ. ಮೇಲೆ ಹೇಳಿದ ಅಧ್ಯಯನಕ್ಕೆ ಸೇರಿಸಿಕೊಂಡದ್ದು 9 ಅಥವಾ ಹೆಚ್ಚು ಅಂಕ ಬಂದವರನ್ನು, ಅಂಚಿನಲ್ಲಿರುವವರು ಹೀಗೆ ಕೈತಪ್ಪುತ್ತಾರೆ. ಎರಡನೇ ಭೇಟಿಗೆ ಬಾರದವರ ಪಟ್ಟಿಯನ್ನು ಪ್ರತಿ ಶುಕ್ರವಾರ ತೆಗೆದು ಕಾರ್ಯಕರ್ತೆಯರ ಕೈಗೆ ಕೊಟ್ಟರೆ ಅವರು ಮನೆಗೆ ಹೋಗಿ ಬರುತ್ತಾರೆ. ತರಬೇತಿಯ ಚಿತ್ರಪಟ, ಔಷಧಿ ದಾಸ್ತಾನಿನ ಲೆಕ್ಕ, ದೇಣಿಗೆಯ ಅರ್ಜಿ, ಹಾಳಾದ ಪ್ರಿಂಟರು, ಎಲ್ಲಕ್ಕೂ ಆಳು ಬೇಕು. ಮಾಡಿದ ಕೆಲಸವನ್ನು ಕೊನೆಯ ವಾರ ಸ್ಥಳೀಯರೊಬ್ಬರಿಗೆ ಕಲಿಸಿಯೇ ಹೊರಡಬೇಕು.

ಹಣ ಕಟ್ಟುವ ಮೊದಲು ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ನನ್ನ ಶುಲ್ಕದಲ್ಲಿ ಸ್ಥಳೀಯ ನೌಕರರ ಸಂಬಳಕ್ಕೆ ಎಷ್ಟು ಹೋಗುತ್ತದೆ? ವಾರಕ್ಕೆ ಎಷ್ಟು ಗಂಟೆ, ಯಾರ ಮೇಲ್ವಿಚಾರಣೆ? ಸಂಸ್ಥೆ ಆ ದೇಶದಲ್ಲಿ ನೋಂದಣಿಯಾಗಿದೆಯೇ? ಪ್ರವಾಸಿ ವೀಸಾದಲ್ಲಿ ಬನ್ನಿ ಸಾಕು ಎಂದರೆ ಅಲ್ಲಿಗೇ ಬಿಡಿ. ನಿಮ್ಮಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೇ ಕೇಳದ ಸಂಸ್ಥೆ ಮಕ್ಕಳನ್ನೂ ರೋಗಿಗಳನ್ನೂ ಹೇಗೆ ಕಾಯುತ್ತದೆ? ಹಳದಿ ಜ್ವರ ಇರುವ ದೇಶಕ್ಕೆ ಹೋಗುವವರು ಲಸಿಕೆಯನ್ನು ಹೊರಡಲು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು, ಇಲ್ಲವಾದರೆ ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಇನ್ನೊಂದು ಮಾತು: ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಸಂಸ್ಥೆಯ ತರಬೇತಿಯೇ ಬೇಕು. ಈ ಪ್ರವಾಸದ ಪ್ರಮಾಣಪತ್ರ ಅದಕ್ಕೆ ಸಮವಲ್ಲ.

ಕಲಿಯುವ ಜಾಗ ಬೇಕಿದ್ದರೆ ನಮ್ಮಲ್ಲೇ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೊರದೇಶಕ್ಕೆ ಹೋಗುವ ಮೊದಲು ಮೂರು ತಿಂಗಳು ಅಂಥ ಮಂಗಳವಾರಗಳಂದು, ಅನುಮತಿ ಪಡೆದು ಅಲ್ಲಿ ರೆಜಿಸ್ಟರ್ ಬರೆಯಿರಿ, ಸರದಿಯಲ್ಲಿ ನಿಂತವರ ಮಾತು ಕೇಳಿ.

ಇಂಥ ಪ್ರವಾಸಕ್ಕೆ ಇಂಟರ್ನ್‌ಶಿಪ್ ಅಂಕ ಕೊಡುವ ಕಾಲೇಜುಗಳಲ್ಲಿ ನಮ್ಮ ವಿನಂತಿ ಎರಡು. ಆರು ವಾರಕ್ಕಿಂತ ಕಡಿಮೆ ಅವಧಿಗೆ ಅಂಕ ಕೊಡಬೇಡಿ. ಕೊಡುವಾಗ ಪ್ರಮಾಣಪತ್ರದ ಬದಲು, ಸ್ಥಳೀಯ ಮೇಲ್ವಿಚಾರಕರು ವಾರವಾರವೂ ಸಹಿ ಹಾಕಿದ ಕೆಲಸದ ದಿನಚರಿಯನ್ನು ಕೇಳಿ.

ಇಂತಿ,
ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕರ್ತರು,
ಬಳ್ಳಾರಿ