ಬಲೆ ಕತ್ತರಿಸಿದವರಿಗೆ ಪರಿಹಾರ ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ನಮ್ಮ ಜಿಲ್ಲೆಯ ಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತದೆ. ಕಡಲತೀರಕ್ಕೆ ಡಾಲ್ಫಿನ್ ಕಳೇಬರ ತೇಲಿ ಬಂದಿದೆ, ಅಧಿಕಾರಿಗಳು ಬಂದು ಹೂಳಿಸಿದ್ದಾರೆ, ಅಷ್ಟೇ. ಅದು ಯಾವ ಜಾತಿಯದು, ಹೇಗೆ ಸತ್ತಿತು ಎಂಬುದು ಮರುದಿನವೂ ಬರುವುದಿಲ್ಲ. ಬಂದರಿನಲ್ಲಿ ಓಡಾಡುವವರಿಗೆ ಕಾರಣದ ಅಂದಾಜು ಇರುತ್ತದೆ. ಆದರೆ ಯಾರೂ ಬಾಯಿ ಬಿಡುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

ಕಾರವಾರದ ಎದುರಿನ ಕಡಲಲ್ಲಿ, ದಡದ ಹತ್ತಿರ, ಮುಖ್ಯವಾಗಿ ಎರಡು ಪ್ರಾಣಿಗಳಿವೆ. ಒಂದು ಗೂನುಬೆನ್ನಿನ ಡಾಲ್ಫಿನ್. ದೇವಬಾಗದ ಎದುರು, ಕೂರ್ಮಗಡ ದ್ವೀಪದ ಸುತ್ತ ಪ್ರವಾಸಿಗರು ದೋಣಿ ಹತ್ತಿ ನೋಡಲು ಹೋಗುವುದು ಇದನ್ನೇ. ಇದಕ್ಕೆ ಆಳ ಸಮುದ್ರ ಬೇಡ. ಹೆಚ್ಚೆಂದರೆ 25 ಮೀಟರ್ ಆಳದ ನೀರು, ನದಿ ಬಾಯಿ, ಅಲ್ಲಿ ಸಿಗುವ ಮೀನು ಸಾಕು. ನಮ್ಮ ಸಣ್ಣ ದೋಣಿಗಳು ಬಲೆ ಬಿಡುವುದೂ ಅಲ್ಲೇ ಅಲ್ವಾ? 2017ರಿಂದ ಈ ಡಾಲ್ಫಿನ್ ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಇನ್ನೊಂದು ಕಡಲಹಂದಿ, ಬೆನ್ನಿನ ಮೇಲೆ ರೆಕ್ಕೆ ಇಲ್ಲದ ಜಾತಿಯದು. ತುಂಬ ನಾಚಿಕೆಯ ಪ್ರಾಣಿ, ನೀರಿನಿಂದ ಎಗರುವುದೂ ಅಪರೂಪ, ಹಾಗಾಗಿ ನೋಡಿದವರೇ ಕಡಿಮೆ. ಮಾಜಾಳಿಯ ತೀರದಲ್ಲಿ ಒಮ್ಮೆ ಸತ್ತದ್ದನ್ನು ಹತ್ತಿರದಿಂದ ನೋಡಿದೆ. ಸುತ್ತ ನಿಂತವರು ಡಾಲ್ಫಿನ್ ಮರಿ ಎಂದುಕೊಂಡು ಫೋಟೋ ತೆಗೆಯುತ್ತಿದ್ದರು. ಬಾಯಿ ತೆರೆದೇ ಇತ್ತು. ಡಾಲ್ಫಿನ್ ಹಲ್ಲು ಚೂಪು, ಇದರ ಹಲ್ಲು ಪುಟ್ಟ ಸಲಿಕೆಯಂತೆ ಚಪ್ಪಟೆ. ಬೆನ್ನು ಮುಟ್ಟಿದರೆ ಉದ್ದಕ್ಕೂ ಸಣ್ಣ ಸಣ್ಣ ಗಂಟು, ಒರಟು. ಈಜುರೆಕ್ಕೆಯ ಬುಡದಲ್ಲಿ ದಾರ ಕೊಯ್ದ ಗೆರೆಗಳಿದ್ದವು. ಒಂದು ಕಡೆ ನೈಲಾನ್ ಎಳೆ ಚರ್ಮದೊಳಗೇ ಕೂತಿತ್ತು.

ಇವು ಮೀನಲ್ಲ. ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುತ್ತವೆ, ಮರಿಗೆ ಹಾಲು ಕೊಡುತ್ತವೆ. ನೆತ್ತಿಯ ಮೇಲಿನ ಮೂಗಿನ ತೂತು ಆಗಾಗ ನೀರಿನಿಂದ ಮೇಲೆ ಬರಲೇಬೇಕು. ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿಯೇ ದಾರಿ ಹುಡುಕುತ್ತವೆ. ಆದರೆ ತೆಳು ನೈಲಾನ್ ಬಲೆ ಅವಕ್ಕೆ ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಸಿಕ್ಕಿಬಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರುಕಟ್ಟಿ ಸಾಯುತ್ತವೆ. ನೀರಲ್ಲೇ ಹುಟ್ಟಿದ ಪ್ರಾಣಿ ನೀರಲ್ಲಿ ಉಸಿರುಗಟ್ಟಿ ಸಾಯುವುದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಬಂಗಡೆ, ತಾರ್ಲೆಗಳಿಗೆ ಇದರಿಂದ ಅನುಕೂಲ. ಅವು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಡಾಲ್ಫಿನ್ ಹಾಗಲ್ಲ. ಸುಮಾರು ಒಂದು ವರ್ಷ ಹೊತ್ತು ಒಂದೇ ಮರಿ ಹೆರುತ್ತದೆ, ಮುಂದಿನದಕ್ಕೆ ಮತ್ತೆ ಕೆಲವು ವರ್ಷ ಬೇಕು. ಒಂದು ಹೆಣ್ಣು ಸತ್ತರೆ ಆ ಜಾಗ ತುಂಬುವುದು ಸುಲಭವಿಲ್ಲ. ಮೆಕ್ಸಿಕೋದ ವಕೀಟ ಎಂಬ ಕಡಲಹಂದಿ ನಮ್ಮದರ ಬಂಧುವೇ. ಮೀನಿಗೆಂದು ಬಿಟ್ಟ ಬಲೆಗಳಲ್ಲಿ ಸಿಕ್ಕಿ ಸಿಕ್ಕಿ ಈಗ ಹತ್ತರ ಆಸುಪಾಸು ಉಳಿದಿದೆ. ಅದನ್ನು ಯಾರೂ ಬೇಕೆಂದು ಬೇಟೆಯಾಡಿದ್ದಲ್ಲ.

ಹೀಗೆ ಬಲೆಗೆ ಬೀಳುವ ಇನ್ನೊಂದು ಪ್ರಾಣಿ ಕಡಲಹಸು (ಡುಗಾಂಗ್) ನಮ್ಮಲ್ಲಿಲ್ಲ. ಅದು ಕಡಲಹುಲ್ಲು ಮೇಯುವ ಪ್ರಾಣಿ, ಅದಕ್ಕೆ ನೀರಡಿಯಲ್ಲಿ ದೊಡ್ಡ ಹುಲ್ಲುಗಾವಲು ಬೇಕು. ತಮಿಳುನಾಡಿನವರು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಅದಕ್ಕಾಗಿಯೇ ಮೀಸಲಿಟ್ಟರು. ಅಲ್ಲಿಯೂ ಬಲೆಗೆ ಬಿದ್ದದ್ದನ್ನು ಬಿಡಿಸಿ ಕಳಿಸಿದವರು ಮೀನುಗಾರರೇ.

ಈಗ ನಮ್ಮ ಮೀನುಗಾರನ ಜಾಗದಲ್ಲಿ ನಿಂತು ನೋಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಈ ಪ್ರಾಣಿಗಳಿವೆ. ಕೊಂದರೆ ಜೈಲು. ಕಾಯ್ದೆ ಸರಿಯಾಗಿಯೇ ಇದೆ. ಆದರೆ ಬೆಳಗಿನ ಜಾವ ಬಲೆ ಎಳೆಯುವಾಗ ಜೀವಂತ ಡಾಲ್ಫಿನ್ ಸಿಕ್ಕಿದರೆ ಬಿಡಿಸಲು ಬಲೆ ಕತ್ತರಿಸಬೇಕು. ಆ ಬಲೆ ಸಾಲ ಮಾಡಿ ತಂದದ್ದು. ಸತ್ತದ್ದು ಸಿಕ್ಕಿದರೆ ಹೇಳಲು ಭಯ, ಕೇಸಾದರೆ ಯಾರು ಅಲೆಯುವುದು? ಸುಮ್ನೆ ಕಡಲಿಗೆ ಬಿಟ್ಟು ಬರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಡಾಲ್ಫಿನ್ ಸತ್ತರೆ ಅವರಿಗೂ ಬೇಸರವೇ.

ಮಹಾರಾಷ್ಟ್ರ 2018ರಲ್ಲೇ ಇದಕ್ಕೊಂದು ದಾರಿ ಮಾಡಿತು. ಬಲೆ ಕತ್ತರಿಸಿ ಆಮೆ, ಡಾಲ್ಫಿನ್, ಕಡಲಹಂದಿಗಳನ್ನು ಬಿಟ್ಟ ಮೀನುಗಾರ ಫೋಟೋ ಅಥವಾ ವಿಡಿಯೊ ತೋರಿಸಿದರೆ 25,000 ರೂಪಾಯಿವರೆಗೆ ಪರಿಹಾರ ಸಿಗುತ್ತದೆ. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಬಿಡಿಸಿದವರಿಗೂ ಇಂಥ ಪರಿಹಾರವಿದೆ. ಬೈತಖೋಲ ಬಂದರಿನಲ್ಲಿ ನಾನು ಕೇಳಿದವರಲ್ಲಿ ಒಬ್ಬರಿಗೂ ಇಂಥದ್ದರ ವಿಷಯ ಗೊತ್ತಿರಲಿಲ್ಲ. ನಮ್ಮ ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಕೂತು ಮಾತಾಡಿದರೆ ಇದು ಆಗದ ಕೆಲಸವಲ್ಲ. ಹೊನ್ನಾವರದ ಅಪ್ಸರಕೊಂಡ–ಮುಗಳಿಯಲ್ಲಿ ಕಡಲ ವನ್ಯಧಾಮ ಮಾಡಿದ ಸರ್ಕಾರಕ್ಕೆ ಈ ಖರ್ಚು ದೊಡ್ಡದೂ ಅಲ್ಲ. ಹಣ ಮಾತ್ರ ಬೇಗ ಕೈಗೆ ಬರಬೇಕು. ಆರು ತಿಂಗಳು ಅಲೆಸಿದರೆ ಮುಂದಿನ ಸಲ ಯಾರೂ ಬಲೆಗೆ ಕತ್ತಿ ಹಾಕುವುದಿಲ್ಲ.

ಸತ್ತದ್ದು ದಡಕ್ಕೆ ಬಂದರೆ ಹೂಳುವ ಮೊದಲು ಕೋಡಿಬಾಗದ ಕಡಲಜೀವಶಾಸ್ತ್ರ ವಿಭಾಗದವರನ್ನು ಕರೆಯಲಿ. ಅಳತೆ, ಹಲ್ಲು, ಹೊಟ್ಟೆಯಲ್ಲಿ ಏನಿದೆ, ಬಲೆಯ ಗುರುತು ಎಲ್ಲಿದೆ ಎಂದು ಬರೆದಿಡಲಿ. ತಾನಾಗಿ ಬಂದು ಹೇಳಿದ ಮೀನುಗಾರನ ಮೇಲೆ ಕೇಸು ಬೀಳುವುದಿಲ್ಲ ಎಂದು ಲಿಖಿತವಾಗಿ ಹೇಳಲಿ. ಇಲ್ಲವಾದರೆ ಎಷ್ಟು ಸಾಯುತ್ತಿವೆ ಎಂದು ಯಾರಿಗೂ ತಿಳಿಯುವುದಿಲ್ಲ.

ಆಗಸ್ಟ್ 1ಕ್ಕೆ ಬೋಟುಗಳು ಇಳಿಯುತ್ತವೆ. ಅದಕ್ಕೂ ಮೊದಲು ಬೈತಖೋಲ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳದಲ್ಲಿ ಕನ್ನಡ, ಕೊಂಕಣಿ ಎರಡರಲ್ಲೂ ಒಂದೊಂದು ಫಲಕ ಹಾಕಿಸಿ. ಹಗಲುರಾತ್ರಿ ಎತ್ತುವ ಒಂದು ಫೋನ್ ನಂಬರ್ ಅದರಲ್ಲಿರಲಿ. ಜೀವಂತ ಸಿಕ್ಕಿದರೆ ಬಾಲ ಹಿಡಿದು ಎಳೆಯಬೇಡಿ, ಒದ್ದೆ ಬಟ್ಟೆ ಹೊದಿಸಿ, ನೆತ್ತಿಯ ತೂತು ಮುಚ್ಚಬೇಡಿ, ಅದರೊಳಗೆ ನೀರು ಹಾಕಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಪರಿಹಾರದ ಅರ್ಜಿ ಅಲ್ಲೇ ಬಂದರಿನ ಕಚೇರಿಯಲ್ಲಿ ಸಿಗುವಂತಾಗಲಿ.

– ಒಬ್ಬ ಓದುಗ, ಕೋಡಿಬಾಗ, ಕಾರವಾರ