ಗೀಸರ್ ಸಮಸ್ಯೆ ಬಿಡಿಸಿಕೊಟ್ಟವರಿಗೆ ಧನ್ಯವಾದ

ಗೀಸರ್ ಹಾಕಿದೊಡನೆ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್) ಏಕೆ ಟ್ರಿಪ್ ಆಗುತ್ತದೆಂಬ ನನ್ನ ಪ್ರಶ್ನೆಗೆ, ಹೆಸರನ್ನೂ ಹೇಳಿಕೊಳ್ಳದೆ ತಾಳ್ಮೆಯಿಂದ ಉತ್ತರಿಸಿದ ಮಹನೀಯರಿಗೆ ಹೃತ್ಪೂರ್ವಕ ಧನ್ಯವಾದಗಳು. ಫೇಸ್‌ನಲ್ಲಿ ಹೋದ ವಿದ್ಯುತ್ತಿಗೂ ನ್ಯೂಟ್ರಲ್‌ನಲ್ಲಿ ಮರಳಿದ ವಿದ್ಯುತ್ತಿಗೂ ನಡುವಿನ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಆ ಸಾಧನ ಸಂಪರ್ಕ ಕಡಿಯುತ್ತದೆ, ಹಾಗಾಗಿ ಲೋಡ್ ಹೆಚ್ಚಾಯಿತೆಂದು ಭಾವಿಸದೆ ವಿದ್ಯುತ್ ಸೋರಿಕೆಯನ್ನೇ ಹುಡುಕಬೇಕು ಎಂದು ನೀವು ವಿವರಿಸಿದಿರಿ. ಸಾಧಾರಣ ಮಲ್ಟಿಮೀಟರ್ ಇಂಥ ಸೋರಿಕೆಯನ್ನು ಅನೇಕ ವೇಳೆ ಹಿಡಿಯದು, ಹೆಚ್ಚಿನ ವೋಲ್ಟೇಜ್‌ನಲ್ಲಿ ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಎಂಬ ಉಪಕರಣ ಬೇಕು ಎಂಬ ಮಾತು ನಿಜಕ್ಕೂ ಅಮೂಲ್ಯ. ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಆರಿಸಿ ಹೀಟಿಂಗ್ ಕಾಯಿಲ್ ಬಿಚ್ಚಿದಾಗ, ಬಿಳಿಯ ಸುಣ್ಣದ ಪದರದಡಿ ಕೂದಲೆಳೆಯಷ್ಟು ಸೀಳು ಕಂಡಿತು. ಕಾಯಿಲ್ ಬದಲಾಯಿಸಿದ ಮೇಲೆ ತೊಂದರೆಯಿಲ್ಲ. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಸಂಪರ್ಕ ಕೊಡಲೇಬೇಡಿ ಎಂದು ನೀವು ಒತ್ತಿ ಹೇಳಿದ್ದಕ್ಕೆ ನಮ್ಮ ಮನೆಯವರೆಲ್ಲರೂ ಕೃತಜ್ಞರು.